ಮೇಡಂ ಬದುಕಿಸಿದ ಡಬ್ಬಿ

ಮೇಡಂ ಅವರ ಬಲಗೈ ಹೆಬ್ಬೆರಳಿನ ಉಗುರು ಮಾತ್ರ ಉದ್ದ. ಉಳಿದವನ್ನೆಲ್ಲ ಗಿಡ್ಡಕ್ಕೆ ಕತ್ತರಿಸಿರುತ್ತಿದ್ದರು. ಆ ಉಗುರನ್ನು ಸಂದಿಗೆ ತೂರಿಸಿ ಒತ್ತಿದರೆ ಸ್ಕ್ರೂಡ್ರೈವರ್‌ಗೂ ಬಗ್ಗದ ಪ್ಲಾಸ್ಟಿಕ್ ಮುಚ್ಚಳ ಟಕ್ಕೆಂದು ಬಿಚ್ಚಿಕೊಳ್ಳುತ್ತಿತ್ತು. ಮೊದಲ ಭೇಟಿಯಲ್ಲಿ ನನ್ನ ಕಣ್ಣೆಲ್ಲ ಅದರ ಮೇಲೇ ಇತ್ತು. ಅವರು ಬಿಚ್ಚುತ್ತಿದ್ದ ಡಬ್ಬಿಯಲ್ಲಿ ನಮ್ಮ ಶಾಲೆಯ ಹನ್ನೊಂದು ವರ್ಷದ ಕೆಲಸವಿತ್ತು.

ನಾನು ಕುಣಿಗಲ್‌ನಲ್ಲಿ ಕಿವುಡ ಮಕ್ಕಳಿಗೆ ಪಾಠ ಹೇಳುವ ಮೇಷ್ಟ್ರು. ಮಕ್ಕಳು ತಮ್ಮ ತಮ್ಮ ಮನೆಗಳಿಂದ ತರುವ ಕೈಸನ್ನೆಗಳನ್ನು ವಿಡಿಯೊ ಮಾಡಿ ಇಡುತ್ತಿದ್ದೆ. ಯಾವ ಪುಸ್ತಕದಲ್ಲೂ ಸಿಗದ ಸನ್ನೆಗಳು. ಎಲ್ಲವೂ ಆಫೀಸಿನ ಮೂಲೆಯ ಕಪ್ಪು ಡಬ್ಬಿಯಲ್ಲಿದ್ದವು. ಎರಡು ಡಿಸ್ಕ್ ಇದ್ದ ಆ ಡಬ್ಬಿ ಶಾಲೆಯ ಎಲ್ಲ ಕಂಪ್ಯೂಟರ್‌ಗಳಿಗೂ ಕಣಜದ ಹಾಗೆ. ಒಂದು ಬೆಳಿಗ್ಗೆ ಅದು ತೆರೆಯಲಿಲ್ಲ. ಕಂಪನಿಗೆ ಫೋನ್ ಮಾಡಿದರೆ, ಆ ಮಾಡೆಲ್ ನಿಲ್ಲಿಸಿದ್ದೇವೆ, ಹೊಸದು ತಗೊಳ್ಳಿ ಎಂದರು. ಹಳೆಯದರಲ್ಲಿ ಇರುವುದರ ಗತಿ? ಅದು ನಮಗೆ ಸಂಬಂಧವಿಲ್ಲ ಎಂದರು. ಬೇರೆ ನಕಲು ನಾನು ಇಟ್ಟಿರಲಿಲ್ಲ. ಅದು ನನ್ನ ದಡ್ಡತನ.

ಹಿರೇಹಳ್ಳಿಯ ಫ್ಯಾಕ್ಟರಿಯೊಂದರಲ್ಲಿ ಕೆಲಸ ಮಾಡುವ ಸ್ನೇಹಿತ ತುಮಕೂರಿನ ಒಂದು ಮನೆಯ ದಾರಿ ಹೇಳಿದ. "ಪಾಲಿಟೆಕ್ನಿಕ್‌ನಲ್ಲಿ ನಮಗೆ ಲ್ಯಾಬ್ ಹೇಳ್ಕೊಟ್ಟ ಮೇಡಂ ಕಣೋ. ಈಗ ರಿಟೈರ್ ಆಗವ್ರೆ. ಹೋಗಿ ನೋಡು."

ಮೇಡಂ ಡಬ್ಬಿಯೊಳಗೆ ಮೂರು ಸಣ್ಣ ತಂತಿ ಸಿಕ್ಕಿಸಿ ತಮ್ಮ ಲ್ಯಾಪ್‌ಟಾಪ್‌ಗೆ ಜೋಡಿಸಿದರು. ಪರದೆಯ ಮೇಲೆ ಬಿಳಿ ಅಕ್ಷರಗಳು ಓಡಿದವು.

"ಸತ್ತಿಲ್ಲ ಕಣ್ರೀ ಮೇಷ್ಟ್ರೇ. ಡಿಸ್ಕೂ ಚೆನ್ನಾಗಿದಾವೆ. ಇದನ್ನ ನಡೆಸೋ ಸಾಫ್ಟ್‌ವೇರ್ ಕೆಟ್ಟಿದೆ, ಫರ್ಮ್‌ವೇರ್ ಅಂತಾರೆ. ಕಂಪನಿಯೋರು ಅದನ್ನ ಇನ್ನು ಮುಟ್ಟಲ್ಲ. ಅದಕ್ಕೆ ನಾವೇ ಬೇರೆ ಒಂದು ಬರ್ಕೊಂಡಿದೀವಿ."

"ನಾವು ಅಂದ್ರೆ ಯಾರು ಮೇಡಂ?"

"ಸರಿಯಾಗಿ ನಂಗೂ ಗೊತ್ತಿಲ್ಲ." ನಕ್ಕರು. "ಒಬ್ಬ ಪೋಲೆಂಡ್‌ನೋನು, ಒಬ್ಬ ಬ್ರೆಜಿಲ್‌ನೋನು ಅಂತೆ. ಮುಖ ನೋಡಿಲ್ಲ. ಒಬ್ರು ಬರೆದಿದ್ದನ್ನ ಇನ್ನೊಬ್ರು ತಿದ್ತೀವಿ. ಎಲ್ಲಾ ಇಂಟರ್‌ನೆಟ್‌ನಲ್ಲಿ ಬಯಲಲ್ಲೇ ಇಟ್ಟಿರ್ತೀವಿ, ಯಾರು ಬೇಕಾದ್ರೂ ತಗೋಬಹುದು."

"ಯಾತಕ್ಕೆ ಮಾಡ್ತಾರೆ?"

"ಅವ್ರ ಮನೇಲೂ ಇದೇ ಡಬ್ಬಿ ಕೆಟ್ಟು ಕೂತಿತ್ತಲ್ಲ, ಅದಕ್ಕೆ."

ನನಗೆ ತಲೆಬುಡ ತಿಳಿಯಲಿಲ್ಲ. ಮುಖವಿಲ್ಲದವರ ಕೈಗೆ ನಮ್ಮ ಮಕ್ಕಳನ್ನು ಒಪ್ಪಿಸುತ್ತಿದ್ದೇನೆಯೇ ಎಂದು ದಿಗಿಲಾಯಿತು. ಆದರೂ ಬಿಟ್ಟು ಬಂದೆ.

ನಾಲ್ಕನೇ ದಿನ ಮೇಡಂ ಬಸ್ಸು ಹತ್ತಿ ಶಾಲೆಗೇ ಬಂದರು. ನೀರು ಕೊಟ್ಟರೂ ಕುಡಿಯಲಿಲ್ಲ.

"ಹೊಸ ಫರ್ಮ್‌ವೇರ್ ಹಾಕಿದೆ. ಈಗ ಡಬ್ಬಿ ಉಸಿರೇ ಎತ್ತುತಿಲ್ಲ. ತಪ್ಪು ನಂದು. ನಿಮ್ಮದು ಆಮೇಲಿನ ಬ್ಯಾಚು, ಒಳಗಿನ ಚಿಪ್ ಬೇರೆ. ನಾನು ನೋಡ್ಲಿಲ್ಲ." ಡಬ್ಬಿಯನ್ನೂ ಬಟ್ಟೆಯಲ್ಲಿ ಸುತ್ತಿದ್ದ ಡಿಸ್ಕ್‌ಗಳನ್ನೂ ಮೇಜಿನ ಮೇಲಿಟ್ಟರು. "ಡಿಸ್ಕ್‌ಗಳನ್ನ ಮೊದಲೇ ಹೊರಗೆ ತೆಗೆದಿದ್ದೆ. ಏನೂ ಆಗಿಲ್ಲ. ಆದ್ರೆ ಇವಕ್ಕೆ ಹಾಕಿರೋ ಬೀಗದ ಕೀ ಡಬ್ಬಿಯೊಳಗೇ ಇದೆ, ಡಬ್ಬಿ ಎದ್ರೆ ಮಾತ್ರ ತೆರೀತಾವೆ. ನಂಬಿಕೆ ಹೋಗಿದ್ರೆ ಬೇರೆಯವರ ಹತ್ರ ತಗೊಂಡ್ಹೋಗಿ."

ಫೋನಿನಲ್ಲಿ ಹೇಳಿ ಮುಗಿಸಬಹುದಾಗಿದ್ದ ಮಾತು. ಅದನ್ನು ಎದುರು ನಿಂತು ಹೇಳಲು ಅಷ್ಟು ದೂರ ಬಂದಿದ್ದರು. ಎಲ್ಲವನ್ನೂ ಅವರ ಚೀಲಕ್ಕೇ ಮತ್ತೆ ಹಾಕಿದೆ.

ಎರಡು ವಾರ ಅವರು ಪರದೆಯ ಮೇಲೆ ಕಂಡದ್ದನ್ನೆಲ್ಲ ಪೋಲೆಂಡಿನವನಿಗೆ ಕಳಿಸುತ್ತ, ಅವನು ತಿದ್ದಿದ್ದನ್ನು ಡಬ್ಬಿಗೆ ಹಾಕುತ್ತ ಕೂತರು. ಒಂದು ಮಧ್ಯಾಹ್ನ "ಬನ್ರೀ" ಎಂದು ಫೋನ್ ಮಾಡಿದರು. ಹೋಗಿ ನೋಡಿದರೆ ಲ್ಯಾಪ್‌ಟಾಪ್‌ನಲ್ಲಿ ವಿಡಿಯೊ ಓಡುತ್ತಿತ್ತು. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ಹೆಬ್ಬೆರಳು, ತೋರುಬೆರಳು ಸೇರಿಸಿ ಕೊಕ್ಕಿನಂತೆ ಎರಡು ಸಲ ಆಡಿಸಿದಳು.

"ಏನಂತಾಳೆ?"

"ಒಂದ್ಸಲ ಆಡಿಸಿದ್ರೆ ಹಕ್ಕಿ. ಎರಡು ಸಲ ಆಡಿಸಿದ್ರೆ ಊರು. ಗುಬ್ಬಿ, ಮೇಡಂ."

"ಅಯ್ಯೋ, ನಮ್ಮೂರು ಕಣ್ರೀ!" ಸರ್ವಿಸ್ಸಿನಲ್ಲಿ ಬಹುಕಾಲ ಗುಬ್ಬಿಯಿಂದ ರೈಲಿನಲ್ಲಿ ಓಡಾಡಿದವರು ಅವರು. ಆ ತುಣುಕನ್ನು ಐದಾರು ಸಲ ಹಾಕಿ ತಾವೂ ಬೆರಳಾಡಿಸಿದರು. ಅವತ್ತೇ ಎಲ್ಲವನ್ನೂ ಎರಡು ಕಡೆ ನಕಲು ಮಾಡಿಸಿದರು.

ನಕಲು ಆಯಿತಲ್ಲ, ಇನ್ನು ಈ ಡಬ್ಬಿ ಯಾಕೆ ಎಂದೆ.

"ಈ ಬ್ಯಾಚಿಂದು ನಮ್ಮ ಗುಂಪಲ್ಲಿ ಇರೋದು ನಿಮ್ಮದೊಂದೇ. ಹೊಸದಾಗಿ ಬರೆದಾಗ ಹಾಕಿ ನೋಡಕ್ಕೆ ಒಂದು ಬೇಕಲ್ಲ? ಇಂಥವು ಇನ್ನೆಷ್ಟು ಮನೇಲಿ ಕೂತಿದಾವೋ."

ಆಮೇಲಿನ ದಿನಗಳಲ್ಲಿ ಅವರಿಗೇ ಗೊಂದಲ. ಬ್ರೆಜಿಲ್‌ನವನು ಗುಂಪು ಬಿಟ್ಟ. ಹೊಸ ಸಾಫ್ಟ್‌ವೇರ್ ಹಳೇ ಡಬ್ಬಿಗಳ ಮೆಮೊರಿಗೆ ಹಿಡಿಸುವುದಿಲ್ಲ, ಅವನ್ನು ಕೈಬಿಡೋಣ ಎಂದು ಕೆಲವರು ಹಟ ಹಿಡಿದರು. "ಬೇಡ ಅಂತ ಬರೆದೆ ಮೇಷ್ಟ್ರೇ. ಆದ್ರೆ ಅವ್ರು ಹೇಳೋದೂ ಸರೀನೇ" ಎನ್ನುತ್ತಿದ್ದರು. ಒಂದು ವಾರ, ಹೊಸ ಡಬ್ಬಿ ತಗೊಂಡುಬಿಡಿ ಎನ್ನುವರು. ಮುಂದಿನ ವಾರ, ಇನ್ನೊಂದು ವರ್ಷ ನೋಡೋಣ ಎನ್ನುವರು. ಮುಂದೆ ಏನಾಗುತ್ತೆ ಎಂದು ಕೇಳಿದರೆ, "ನಂಗೇನ್ರೀ ಗೊತ್ತು?"

ಒಮ್ಮೆ ಮಾತ್ರ ಖಚಿತವಾಗಿ ಹೇಳಿದರು: "ಈ ಸಲ ತಂತಿ ನೀವೇ ಹಾಕಿ." ನಾನು ತಡವರಿಸಿದಾಗ ಸಹಾಯಕ್ಕೆ ಬರಬಾರದೆಂದು ಎರಡೂ ಕೈ ತೊಡೆಯ ಕೆಳಗಿಟ್ಟುಕೊಂಡು ಕೂತರು. ಮೂರು ತಂತಿಗೆ ನನಗೆ ಮುಕ್ಕಾಲು ಗಂಟೆ ಹಿಡಿಯಿತು. ಅವರು ಅಲುಗಲಿಲ್ಲ.

ಹೋದ ವರ್ಷ ಎದೆನೋವೆಂದು ಕೂತ ಮೇಡಂ ಆಸ್ಪತ್ರೆ ಮುಟ್ಟುವುದರೊಳಗೆ ಹೋದರು. ತಿಂಗಳ ಮೇಲೆ ಗುಂಪಿಗೆ ಪೋಲೆಂಡಿನವನ ಪತ್ರ ಬಂತು. ನನ್ನನ್ನೂ ಅದಕ್ಕೆ ಮೇಡಂ ಸೇರಿಸಿದ್ದರು. ದೊಡ್ಡ ದೋಷವೊಂದನ್ನು ತಿದ್ದಬೇಕು, ಆ ಬ್ಯಾಚಿನ ಡಬ್ಬಿ ಇದ್ದವರು ಉತ್ತರ ಕೊಡುತ್ತಿಲ್ಲ, ಕ್ಷೇಮವೇ ಎಂದು ಕೇಳಿದ್ದ. ಸುದ್ದಿ ತಿಳಿಸಿದೆ. ಆಮೇಲೆ, ಅಷ್ಟು ವರ್ಷ ಜೊತೆಗಿದ್ದರೂ ಅವರು ಹೆಂಗಸೆಂದೂ ತನಗೆ ತಿಳಿದಿರಲಿಲ್ಲ ಎಂದು ಬರೆದ.

ಶಾಲೆಯಲ್ಲಿದ್ದ ಡಬ್ಬಿಗೆ ಮೂರು ತಂತಿ ಸಿಕ್ಕಿಸಿ ಹೊಸ ಫರ್ಮ್‌ವೇರನ್ನು ನಾನೇ ಹಾಕಿದೆ. ಅಕ್ಷರಗಳು ಅರ್ಧಕ್ಕೆ ನಿಂತವು. ಅದು ಒಳ್ಳೆಯದೋ ಕೆಟ್ಟದ್ದೋ ಗೊತ್ತಾಗದೆ, ಕಂಡಷ್ಟನ್ನೂ ಕಳಿಸಿದೆ. ತನಗೆ ಬೇಕಿದ್ದದ್ದು ಅದೇ ಎಂದು ಅವನ ಉತ್ತರ ಬಂತು. ಮೂರನೇ ಸಲಕ್ಕೆ ಡಬ್ಬಿ ಎದ್ದಿತು.

ಮುಂದಿನದಕ್ಕೂ ಇರುತ್ತೀರಾ ಎಂದು ಕೇಳಿದ್ದಾನೆ. ಈ ಗುಂಪು ಇನ್ನೆಷ್ಟು ದಿನವೋ ತಿಳಿಯದು. ನಾನು ಮಾಡುತ್ತಿರುವುದೇನೆಂದೂ ಪೂರ್ತಿ ತಿಳಿಯದು. ಇರುತ್ತೇನೆ ಎಂದು ಬರೆದೆ.