ರಂಜಾನಿಗೆ ಮುಂಚಿನ ಎಣಿಕೆ

ಆ ಕಾಲದಲ್ಲಿ ಹುಣಸೂರಿನ ನಮ್ಮ ಬೀದಿಯ ಅಂಗಡಿಗಳಿಗೆ ರಜೆ ಎಂಬುದೇ ಗೊತ್ತಿರಲಿಲ್ಲ. ಮನೆಯಲ್ಲಿ ಮದುವೆ ನಡೆಯುತ್ತಿದ್ದರೂ ಒಬ್ಬರು ಗಲ್ಲಾಪೆಟ್ಟಿಗೆಯ ಮುಂದೆ ಕೂತಿರಲೇಬೇಕು. ಅಬ್ಬಾರ ಚಪ್ಪಲಿ ಅಂಗಡಿ ಮಾತ್ರ ವರ್ಷಕ್ಕೊಂದು ದಿನ ಶಟರನ್ನು ಅರ್ಧಕ್ಕೆ ಇಳಿಸುತ್ತಿತ್ತು. ರಂಜಾನ್ ಹತ್ತಿರ ಬಂದಾಗ ಮಾಲನ್ನೆಲ್ಲ ಎಣಿಸಿ, ಅದರ ಮೇಲೆ ಜಕಾತ್, ಅಂದರೆ ಬಡವರ ಪಾಲು, ತೆಗೆದಿಡಬೇಕಿತ್ತು. ಅಂಗಡಿಯಲ್ಲೇ ಆಡಿ ಬೆಳೆದವರಿಗೆ ಗೊತ್ತಿರುತ್ತದೆ, ಅರ್ಧ ಇಳಿದ ಶಟರಿನೊಳಗಿನ ಮಬ್ಬಿನಲ್ಲಿ ನಮ್ಮ ಅಂಗಡಿಯೇ ನಮಗೆ ಹೊಸದಾಗಿ ಕಾಣುತ್ತದೆ. ಹೊಸ ರಬ್ಬರಿನ ವಾಸನೆ, ರಟ್ಟಿನ ಡಬ್ಬಿಗಳ ವಾಸನೆ, ಹೊರಗೆ ಲಾರಿ ಹೋದರೆ ಹೊಗೆಸೊಪ್ಪಿನ ಘಾಟು, ಎಲ್ಲ ಒಟ್ಟಿಗೇ ಮೂಗಿಗೆ ಬಡಿಯುತ್ತಿತ್ತು.

ತಯಾರಿ ವಾರಗಟ್ಟಲೆ ಮೊದಲೇ ಶುರುವಾಗುತ್ತಿತ್ತು. ಮೈಸೂರಿನಿಂದ ಹೊಸ ಮಾಲು ತರಿಸುವುದು ನಿಲ್ಲುತ್ತಿತ್ತು. ಬಾಗಿಲಲ್ಲಿ ನೇತುಹಾಕಿದ್ದ ಒಂಟಿ ಚಪ್ಪಲಿಗಳನ್ನು ಇಳಿಸಿ, ಡಬ್ಬಿಯೊಳಗಿನ ಜೊತೆ ಹುಡುಕಿ ಸೇರಿಸುವುದು ನನ್ನ ಕೆಲಸ. ಖಾಲಿ ಡಬ್ಬಿಗಳಲ್ಲಿ ರೈಲು ಮಾಡಿ ಆಡುತ್ತಾ ಮಾಡುತ್ತಿದ್ದೆ, ಹಾಗಾಗಿ ಕೆಲಸ ಮುಗಿಯುತ್ತಲೇ ಇರಲಿಲ್ಲ. ಎಣಿಕೆಯ ದಿನ ಕೆಲಸದ ಚಿಕ್ಕಣ್ಣ ಅಟ್ಟ ಹತ್ತಿ ಒಂದೊಂದೇ ಡಬ್ಬಿ ತೆಗೆದು ಕೂಗುತ್ತಿದ್ದ. ಏಣಿಯ ಬುಡದಲ್ಲಿ ಅಮ್ಮಿ ನಿಂತು ಅದನ್ನೇ ತಿರುಗಿ ಹೇಳುತ್ತಿದ್ದಳು. ಅಬ್ಬಾ ಬರೆದುಕೊಳ್ಳುತ್ತಿದ್ದರು. ಮನೆಯಲ್ಲಿ ಉರ್ದು ಮಾತಾಡಿದರೂ ಎಣಿಕೆ ಕನ್ನಡದಲ್ಲೇ, ಚಿಕ್ಕಣ್ಣನಿಗೋಸ್ಕರ. ಕೂಗಿದ್ದನ್ನು ಕೆಳಗಿನವರು ತಿರುಗಿ ಹೇಳದಿದ್ದರೆ ಅಬ್ಬಾ ಪೆನ್ನು ಎತ್ತುತ್ತಿರಲಿಲ್ಲ. ದೇವರ ಪಾಲಿನ ಲೆಕ್ಕ, ಎರಡು ಬಾಯಲ್ಲಿ ಬರಬೇಕು ಎನ್ನುತ್ತಿದ್ದರು.

ಇನ್ನೊಂದು ಕಟ್ಟಳೆಯಿತ್ತು. ಮಾರುವ ಮಾಲಿಗೆ ಜಕಾತ್, ನಾವೇ ತೊಡುವುದಕ್ಕೆ ಇಲ್ಲ. ಹಬ್ಬಕ್ಕೆಂದು ಅಮ್ಮಿಯೂ ನಾನೂ ಆರಿಸಿಕೊಂಡ ಚಪ್ಪಲಿಗಳನ್ನು ಪೇಪರಿನಲ್ಲಿ ಸುತ್ತಿ ಅಟ್ಟದ ಮೂಲೆಯಲ್ಲಿ ಇಟ್ಟುಬಿಡುತ್ತಿದ್ದೆವು. ಎಣಿಸುವವರು ಅದನ್ನು ಮುಟ್ಟುತ್ತಿರಲಿಲ್ಲ.

ನಾನು ಹೇಳಹೊರಟಿರುವುದು ನಾಲ್ಕನೇ ಕ್ಲಾಸಿನಲ್ಲಿದ್ದ ವರ್ಷದ ಎಣಿಕೆಯ ವಿಷಯ. ಅಮ್ಮಿ ಕೆ.ಆರ್. ನಗರದ ತವರಿಗೆ ಹೋಗಿ ಎಷ್ಟೋ ತಿಂಗಳಾಗಿತ್ತು. ಅಜ್ಜಿಗೆ ಹುಷಾರಿಲ್ಲ, ನೋಡಿಕೊಳ್ಳಬೇಕು ಎಂದಷ್ಟೇ ಅಬ್ಬಾ ಹೇಳಿದ್ದರು. ಮನೆಗೆ ಬಂದ ಹೆಂಗಸರು ನನ್ನನ್ನು ಕಂಡೊಡನೆ ಮಾತು ನಿಲ್ಲಿಸಿ ಕೈಗೆ ಬಿಸ್ಕತ್ತು ಕೊಡುತ್ತಿದ್ದರು. ಆ ವರ್ಷ ನಾನು ತಿಂದಷ್ಟು ಬಿಸ್ಕತ್ತನ್ನು ಹುಣಸೂರಿನಲ್ಲಿ ಇನ್ಯಾವ ಮಗುವೂ ತಿಂದಿರಲಿಕ್ಕಿಲ್ಲ. ಅಮ್ಮಿ ವಾಪಸ್ಸು ಬರುತ್ತಾಳೋ ಇಲ್ಲವೋ ಎಂದು ಬಾಯಿಬಿಟ್ಟು ಕೇಳಲು ಧೈರ್ಯವಿರಲಿಲ್ಲ. ಸ್ಕೂಲು ಬಿಟ್ಟ ಮೇಲೆ ಅಂಗಡಿಯ ಮೂಲೆಯ ಸ್ಟೂಲಿನಲ್ಲಿ ಕೂತಿರುತ್ತಿದ್ದೆ. ಅಬ್ಬಾ ಗಿರಾಕಿಗಳ ಜೊತೆ ಮಾತಾಡುತ್ತಿದ್ದರು, ನನ್ನ ಜೊತೆ ಇಲ್ಲ. ಅಪ್ಪ ಮಗಳು ಇಬ್ಬರೇ ಇದ್ದ ಮನೆಯಲ್ಲಿ ಅಷ್ಟು ಒಂಟಿಯಾಗಿರಬಹುದೆಂದು ನನಗೆ ಆಗಲೇ ತಿಳಿದದ್ದು.

ಹಾಗಾಗಿ "ನಾಳೆ ನೀನೇ ಕೆಳಗೆ ನಿಂತ್ಕೋ" ಎಂದು ಅಬ್ಬಾ ಹೇಳಿದಾಗ ಕುಣಿಯುವಂತಾಯಿತು. ಇಡೀ ದಿನ ಅವರ ಪಕ್ಕ ನಿಂತು ಮಾತಾಡುತ್ತಲೇ ಇರಬಹುದಲ್ಲ!

ಬೆಳಿಗ್ಗೆ ಶಟರ್ ಅರ್ಧ ಇಳಿಯಿತು. ಬಗ್ಗಿ ನೋಡಿ "ಅಂಗ್ಡಿ ಇಲ್ವಾ ಸಾಬ್ರೇ?" ಎಂದವರಿಗೆಲ್ಲ "ನಾಳಿಕ್ ಬನ್ನಿ" ಎಂದು ಅಬ್ಬಾ ಹೇಳುತ್ತಿದ್ದರು. ಚಿಕ್ಕಣ್ಣ ಕೂಗಿದ್ದನ್ನು ನಾನು ಮೊದಮೊದಲು ನಾಚಿಕೊಂಡೇ ತಿರುಗಿ ಹೇಳಿದೆ.

"ಗಟ್ಯಾಗಿ ಕೂಗವ್ವ! ಒಳಗೊಳಗೇ ಏಳ್ಕಂಡ್ರೆ ನಂಗೇ ಕೇಳಾಕಿಲ್ಲ, ಇನ್ ನಿಮ್ಮಪ್ಪಾರ್ಗೆ ಕೇಳದಾ?" ಎಂದು ಚಿಕ್ಕಣ್ಣ ಮೇಲಿಂದ ರೇಗಿಸಿದ.

ಆಮೇಲೆ ನನ್ನ ಗಂಟಲು ತೆರೆಯಿತು. ಏಳನೇ ನಂಬರು ಕರಿ ಮೂರು ಜೊತೆ, ಮೂರು ಜೊತೆ. ಎಂಟನೇ ನಂಬರು ಹವಾಯಿ, ಹವಾಯಿ. ಅಬ್ಬಾ ಒಂದೆರಡು ಸಲ ನಕ್ಕರು ಕೂಡ. ಪ್ರತಿ ವರ್ಷ ಮಧ್ಯಾಹ್ನಕ್ಕೆ ಅಮ್ಮಿ ತುಪ್ಪದನ್ನ, ದಾಲ್ಚಾ ಮಾಡಿ ತರುತ್ತಿದ್ದಳು. ಆ ದಿನ ಬೇಕರಿಯ ಪಫ್ಸ್ ತಿಂದೆವು. ಅದೂ ಪರವಾಗಿಲ್ಲ ಅನಿಸಿತು.

ಊಟದ ಮೇಲೆ ಅಟ್ಟದ ಮೂಲೆಯ ಸರದಿ ಬಂತು.

"ಸಾಬ್ರೇ, ಪೇಪರ್ ಸುತ್ತಿರೋದು ಒಂದದೆ. ಆವತ್ತು ಹೊಸ ಮಾಲು ಬಂದಾಗ ಅಮ್ಮಾರು ಮಡಗಿದ್ದು ಕಣ್ರೀ, ಊರಿಗೆ ಓಗೋಕ್ ಮುಂಚೆ. ಇದ್ನ ಅಲ್ಲೇ ಬುಟ್ಬುಡ್ಲಾ?"

ಅಮ್ಮಿ ಹಬ್ಬದ ಚಪ್ಪಲಿ ಎತ್ತಿಟ್ಟು ಹೋಗಿದ್ದಾಳೆ ಎಂದರೆ ಹಬ್ಬಕ್ಕೆ ಬರುತ್ತಾಳೆ ಎಂದೇ ಅಲ್ಲವೇ? ಅಲ್ಲೇ ಬಿಡು ಎಂದು ಅಬ್ಬಾ ಅಂದುಬಿಟ್ಟರೆ ಸಾಕಿತ್ತು.

"ಕೆಳಕ್ ಕೊಡು" ಎಂದರು ಅಬ್ಬಾ.

ಪೇಪರ್ ಬಿಚ್ಚಿದರು. ಚಿನ್ನದ ಬಣ್ಣದ ಬಕಲ್ ಇದ್ದ ಮೆರೂನ್ ಚಪ್ಪಲಿ. ತೋಳಿನಿಂದ ಅದರ ಧೂಳು ಒರೆಸಿ, ಅಂಗೈ ಮೇಲಿಟ್ಟುಕೊಂಡು ತುಂಬಾ ಹೊತ್ತು ನೋಡಿದರು.

"ಎಣ್ಸು, ಚಿಕ್ಕಣ್ಣ."

"ಸಾಬ್ರೇ, ಮಗು ಇಲ್ಲೇ ಅದೆ..."

"ಎಣ್ಸು ಅಂದೆ."

ಚಿಕ್ಕಣ್ಣನ ದನಿ ಬಿದ್ದುಹೋಗಿತ್ತು. "ಆರ್ನೇ ನಂಬರು. ಮೆರೂನು. ಒಂದ್ ಜೊತೆ."

ತಿರುಗಿ ಹೇಳಬೇಕಾದವಳು ನಾನು. ಪೆನ್ನು ಹಿಡಿದು ಅಬ್ಬಾ ಕಾದರು. ಗದರಲಿಲ್ಲ. "ಹೇಳು ಬೇಟಾ" ಎಂದರು, ಅಷ್ಟೇ.

"ಅಮ್ಮಿ ಬರಲ್ವಾ?" ಎಂದು ಕೇಳಿಬಿಟ್ಟೆ.

ಅಬ್ಬಾ ನನ್ನತ್ತ ನೋಡಲಿಲ್ಲ. ತಲೆ ಬಗ್ಗಿಸಿ, ನಾನು ಹೇಳಬೇಕಾದದ್ದನ್ನು ತಾವೇ ಹೇಳಿದರು. "ಒಂದ್ ಜೊತೆ." ಬರೆದುಕೊಂಡರು.

ಉಳಿದ ಡಬ್ಬಿಗಳನ್ನು ಎಣಿಸಿದೆವು. ನಾನೂ ಕೂಗಿದೆ. ಹಬ್ಬಕ್ಕೆ ನಾಲ್ಕು ದಿನ ಇರುವಾಗ ಆ ಜೊತೆಯನ್ನು ಯಾರೋ ಕೊಂಡರು.

ಈಗ ಅಬ್ಬಾ ಇಲ್ಲ. ಅಂಗಡಿ ಚಿಕ್ಕಪ್ಪನ ಮಕ್ಕಳ ಕೈಯಲ್ಲಿದೆ, ಮೊಬೈಲ್ ಹಿಡಿದು ಡಬ್ಬಿಯ ಗೆರೆಗಳ ಮೇಲೆ ಆಡಿಸಿದರೆ ಎಣಿಕೆ ಮುಗಿಯುತ್ತದೆ, ಯಾರೂ ಬಾಯಿ ತೆರೆಯಬೇಕಾಗಿಲ್ಲ. ಅಮ್ಮಿ ಮತ್ತೆ ಮದುವೆಯಾಗಿ ಕೆ.ಆರ್. ನಗರದಲ್ಲೇ ಇದ್ದಾಳೆ. ಹೋದಾಗಲೆಲ್ಲ ಪ್ರೀತಿಯಿಂದ ಬಡಿಸುತ್ತಾಳೆ, ಹೊಸ ಬೆಡ್‌ಶೀಟ್ ಹಾಸುತ್ತಾಳೆ. ನೆಂಟರಿಗೆ ಹಾಸುವ ಹಾಗೆ.

ಎಲ್ಲರಿಗೂ ಏನಾದರೊಂದು ಕಳೆದುಹೋಗಿರುತ್ತದೆ, ಅದನ್ನು ದೊಡ್ಡದು ಮಾಡುವುದಿಲ್ಲ. ಆದರೆ ಆ ಎಣಿಕೆಯ ದಿನದವರೆಗೆ ನಾನು ಒಂಟಿಯಾಗಿದ್ದರೂ ಒಂದು ಕೆಲಸವಿತ್ತು. ಕೆ.ಆರ್. ನಗರದ ಬಸ್ಸು ಅಂಗಡಿಯ ಮುಂದೆ ಹಾದಾಗಲೆಲ್ಲ ಸ್ಟೂಲಿನಿಂದ ಎದ್ದು ನಿಂತು ನೋಡುತ್ತಿದ್ದೆ. ಮಾರನೆಯ ದಿನವೂ ಬಸ್ಸು ಬಂತು. ನಾನು ಏಳಲಿಲ್ಲ.