ನನ್ನ ಮಗಳ ಮುಖದ ಸ್ಟಿಕರ್

ಶಾಲೆಯ ಪೋಷಕರ ಗ್ರೂಪಿನಲ್ಲಿ ಆ ಮಧ್ಯಾಹ್ನ ಒಂದು ಸೂಚನೆ ಬಂದಿತ್ತು. ಸೋಮವಾರದ ಗಣಿತ ಪರೀಕ್ಷೆ ಮುಂದಕ್ಕೆ ಹೋಗುವುದಿಲ್ಲ, ಮಕ್ಕಳನ್ನು ಓದಿಸಿ ಕಳಿಸಿ ಎಂದು. ಅದಕ್ಕೆ ಉತ್ತರವಾಗಿ ಒಬ್ಬ ತಾಯಿ ಕೈ ಮುಗಿಯುವ ಚಿತ್ರ ಹಾಕಿದ್ದಳು, ಇನ್ನೊಬ್ಬಳು ಹಣೆ ಚಚ್ಚಿಕೊಳ್ಳುವ ಚಿತ್ರ. ಅದರ ಕೆಳಗಿನ ಚಿತ್ರದಲ್ಲಿ ನನ್ನ ಮಗಳು ಅಳುತ್ತಿದ್ದಳು.

ದೊಡ್ಡನೆಕ್ಕುಂದಿಯ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಊಟದ ಡಬ್ಬಿ ತೆರೆದು ಕೂತಿದ್ದೆ. ಮೊದಲು ನನಗೆ ಅರ್ಥವೇ ಆಗಲಿಲ್ಲ. ಯಾರೋ ಅವಳ ಮುಖವನ್ನು ಸುತ್ತಲೂ ಕತ್ತರಿಸಿ ತೆಗೆದು ಸ್ಟಿಕರ್ ಮಾಡಿದ್ದರು. ಒಂದು ಜಡೆ ಅರ್ಧಕ್ಕೇ ತುಂಡಾಗಿತ್ತು. ಬಾಯಿ ಅಗಲಕ್ಕೆ ತೆರೆದಿತ್ತು, ಮೂಗು ಸುರಿಯುತ್ತಿತ್ತು. ಗದ್ದದ ಕೆಳಗೆ ದಪ್ಪ ಹಳದಿ ಅಕ್ಷರಗಳಲ್ಲಿ ‘ಯಾಕ್ರೀ?’ ಎಂದು ಬರೆದಿತ್ತು.

ನೋಡನೋಡುತ್ತಿದ್ದಂತೆ ಅದು ಅಳಿಸಿಹೋಯಿತು. ‘ಸಾರಿ, ಬೇರೆ ಗ್ರೂಪಿಗೆ ಕಳಿಸೋದು ಇಲ್ಲಿಗೆ ಬಂತು’ ಎಂದು ಕಳಿಸಿದವರು ಬರೆದರು. ಕಳಿಸಿದ್ದು ಇಂದಿರಾನಗರದ ಒಬ್ಬ ತಾಯಿ. ಅವರ ಮಗಳೂ ನನ್ನ ಮಗಳೂ ಆರನೆಯ ತರಗತಿಯಲ್ಲಿ ಒಟ್ಟಿಗೆ ಓದುತ್ತಿದ್ದರು. ಮಕ್ಕಳನ್ನು ಬೆಳೆಸುವುದರ ಬಗ್ಗೆ ಆಕೆ ವಿಡಿಯೋ ಮಾಡಿ ಹಾಕುತ್ತಿದ್ದರು. ಮಗು ಅತ್ತಾಗ ಏನು ಮಾಡಬೇಕು ಎಂಬ ಅವರ ವಿಡಿಯೋವನ್ನು ನಾನೂ ಮೆಚ್ಚಿ ನೋಡಿದ್ದೆ.

ಡಬ್ಬಿ ಮುಚ್ಚಿದೆ. ಅರ್ಧ ದಿನ ರಜೆ ಹಾಕಿ ಮನೆಗೆ ಆಟೋ ಹಿಡಿದೆ. ದಾರಿಯುದ್ದಕ್ಕೂ ಆ ಹೆಂಗಸಿನ ಕೆನ್ನೆಗೆ ಬಾರಿಸುವುದನ್ನೇ ಕಲ್ಪಿಸಿಕೊಳ್ಳುತ್ತಿದ್ದೆ. ಒಮ್ಮೆ ಬಲಗೈಯಿಂದ, ಒಮ್ಮೆ ಎಡಗೈಯಿಂದ.

ಹಿಂದಿನ ಕೆಲವು ತಿಂಗಳು ನನಗೆ ಅರ್ಥವಾಗದ್ದೆಲ್ಲ ಆ ಆಟೋದಲ್ಲಿ ಅರ್ಥವಾಯಿತು. ಮಗಳು ಮನೆಯಲ್ಲಿ ನಮ್ಮ ಭಾಷೆ ಆಡುವುದನ್ನು ನಿಲ್ಲಿಸಿದ್ದಳು. ನಾವು ಗದಗಿನ ಕಡೆಯವರು, ಹೊಸ ತಿಪ್ಪಸಂದ್ರದಲ್ಲಿ ಬಾಡಿಗೆ ಮನೆ. ‘ಊಟ ಮಾಡ್ತೀ ಏನವ್ವಾ’ ಎಂದರೆ ‘ನಾಟ್ ಹಂಗ್ರಿ’ ಎನ್ನುತ್ತಿದ್ದಳು. ಊರಿನಿಂದ ಅಜ್ಜಿ ವಿಡಿಯೋ ಕರೆ ಮಾಡಿದರೆ ಮುಖದ ಮುಂದೆ ದಿಂಬು ಹಿಡಿಯುತ್ತಿದ್ದಳು. ಅಳು ಬಂದರೆ ಬಚ್ಚಲಿಗೆ ಹೋಗಿ ನಲ್ಲಿ ಬಿಡುತ್ತಿದ್ದಳು. ವಯಸ್ಸಿಗೆ ಬರುತ್ತಿದ್ದಾಳೆ, ಹಾಗೆಲ್ಲ ಆಗುತ್ತದೆ ಎಂದು ಎಲ್ಲರೂ ಹೇಳಿದ್ದರು.

ಶಾಲೆಯಿಂದ ಬಂದವಳನ್ನು ಎದುರಿಗೆ ಕೂರಿಸಿಕೊಂಡು ಕೇಳಿದೆ. ಬೂಟಿನ ಲೇಸು ಬಿಚ್ಚುತ್ತ ಕಟ್ಟುತ್ತ ಹೇಳಿದಳು. ಇಂದಿರಾನಗರದ ಆ ಗೆಳತಿಯ ಹುಟ್ಟುಹಬ್ಬದ ದಿನ ಆಟದಲ್ಲಿ ಇವಳು ಸೋತಳಂತೆ. ಶಿಕ್ಷೆಯಾಗಿ ಇವಳಿಗೆ ಒಂದು ಕತೆ ಹೇಳಲು ಹೇಳಿದರಂತೆ. ಇವಳು ಅಜ್ಜಿ ಹೇಳಿದ ಕತೆಯನ್ನು ಅಜ್ಜಿಯ ಮಾತಿನಲ್ಲೇ ಶುರುಮಾಡಿದಳು. ‘ಯಾಕ್ರೀ’ ಎಂಬ ಮಾತು ಬಂದ ಕಡೆಯೆಲ್ಲ ಮಕ್ಕಳು ಒಟ್ಟಾಗಿ ‘ಯಾಕ್ರೀ’ ಎಂದು ಕೂಗತೊಡಗಿದರು. ಇವಳು ಅತ್ತಳು. ಆಗ ಗೆಳತಿಯ ಅಮ್ಮ ಫೋನ್ ಹಿಡಿದು ಬಂದು ‘ಸೋ ಕ್ಯೂಟ್, ಹಾಗೇ ಇರು ಪುಟ್ಟಾ’ ಎಂದು ಫೋಟೋ ತೆಗೆದರು.

‘ಆಮ್ಯಾಲೆ ಆಂಟಿನೇ ಅದನ್ನ ಸ್ಟಿಕರ್ ಮಾಡಿಕೊಟ್ರಂತ. ಆಕಿ ಕ್ಲಾಸಿನ್ಯಾಗ ಎಲ್ಲಾರಿಗೂ ಕಳಿಸಿದ್ಳು’ ಎಂದಳು. ಎಷ್ಟೋ ದಿನಗಳ ಮೇಲೆ ಅವಳ ಬಾಯಲ್ಲಿ ನಮ್ಮ ಮಾತು ಬಂದಿತ್ತು.

‘ನನಗ್ಯಾಕ ಹೇಳಲಿಲ್ಲವ್ವಾ?’

‘ಹೇಳಿದ್ರ ನೀ ಜಗಳಾ ತೆಗೀತಿದ್ದಿ. ಜಗಳಾ ತೆಗದ್ರ ಅದನ್ನೂ ಯಾರರೆ ವಿಡಿಯೋ ಮಾಡ್ತಿದ್ರು.’

ಸಂಜೆ ಗಂಡನಿಗೆ ಹೇಳಿದರೆ ಅವರು ‘ಹುಡುಗೂರ ಆಟ, ಬಿಡ ಇನ್ನ’ ಎಂದರು. ‘ಫೋಟೋ ತಗದಾಕಿ ಹುಡುಗಿ ಅಲ್ರೀ, ನನ್ನಷ್ಟ ವಯಸ್ಸಾಗೇತಿ ಆಕಿಗೆ’ ಎಂದೆ. ಆ ವಾರವಿಡೀ ಅವರೊಂದಿಗೂ ಸರಿಯಾಗಿ ಮಾತಾಡಲಿಲ್ಲ.

ಮಾತಾಡಿದ್ದು ಒಬ್ಬರೊಂದಿಗೆ ಮಾತ್ರ. ಫ್ರೇಜರ್ ಟೌನಿನ ಒಬ್ಬ ತಾಯಿ, ಅವರ ಮನೆಯವರದು ಶಿವಾಜಿನಗರದಲ್ಲಿ ಬಟ್ಟೆ ಅಂಗಡಿ. ಅವರ ಮಗನೂ ಅದೇ ಕ್ಲಾಸು. ನಾನು ಕೇಳುವ ಮೊದಲೇ ಆಕೆ ಫೋನ್ ಮಾಡಿದರು. ಗ್ರೂಪಿನಲ್ಲಿ ಬಂದು ಹೋದದ್ದನ್ನು ಅವರೂ ನೋಡಿದ್ದರು. ಮಗನನ್ನು ವಿಚಾರಿಸಿ, ಬೈದು, ಅವನ ಟ್ಯಾಬಿನಲ್ಲಿದ್ದ ಸ್ಟಿಕರ್ ಅಳಿಸಿ, ಅವನನ್ನು ನಮ್ಮ ಮನೆಗೇ ಕರೆತಂದರು. ಅವನು ಬಾಗಿಲಲ್ಲಿ ನಿಂತು ನನ್ನ ಮಗಳಿಗೆ ಸಾರಿ ಹೇಳಿದ. ಆಮೇಲೆ ಇಬ್ಬರೂ ಬಾಲ್ಕನಿಯಲ್ಲಿ ಕೂತು ಏನೋ ಮಾತಾಡತೊಡಗಿದರು.

‘ಅವರನ್ನ ಛೋಡ್ನಾ ನಕ್ಕೋ’ ಎಂದರು ಆಕೆ ಟೀ ಕುಡಿಯುತ್ತ. ‘ಬಿಡ್ಬೇಡಿ. ಸ್ಕೂಲ್‌ಗೆ ಕಂಪ್ಲೇಂಟ್ ಕೊಟ್ರೆ ಒಳಗೊಳಗೇ ಮುಚ್ಚಾಕ್ತಾರೆ. ಮುಂದಿನ ಶನಿವಾರ ಅವರದೇ ಭಾಷಣ ಇದೆ, ಗೊತ್ತಾ?’

ಗೊತ್ತಿತ್ತು. ಶಾಲೆಯ ಸಭಾಂಗಣದಲ್ಲಿ ಪೋಷಕರಿಗಾಗಿ ಕಾರ್ಯಕ್ರಮ. ವಿಷಯ, ಮೊಬೈಲ್ ಕಾಲದಲ್ಲಿ ಮಕ್ಕಳ ಮನಸ್ಸನ್ನು ಕಾಪಾಡುವುದು. ಮಾತಾಡುವವರು, ನನ್ನ ಮಗಳ ಮುಖ ಕತ್ತರಿಸಿದ ಅದೇ ಹೆಂಗಸು.

ಅಳಿಸುವ ಮೊದಲು ಆಕೆ ಸಾಕ್ಷಿಗೆಂದು ನನಗೆ ಕಳಿಸಿದ್ದ ಆ ಸ್ಟಿಕರನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಸಭೆಯ ನಡುವೆ ಎತ್ತಿ ಹಿಡಿಯಬೇಕು ಎಂದು ನಾನು ಯೋಚಿಸಿದ್ದೆ. ಜೋಗುಪಾಳ್ಯದ ಒಂದು ಜೆರಾಕ್ಸ್ ಅಂಗಡಿಯವರೆಗೆ ಹೋಗಿಯೂ ಇದ್ದೆ. ಮಗಳು ಜೊತೆಗಿದ್ದಳು. ಏನು ಪ್ರಿಂಟ್ ಎಂದು ಕೇಳಿದಳು, ಹೇಳಿದೆ. ಅವಳು ಅಂಗಡಿಯ ಮೆಟ್ಟಿಲ ಮೇಲೆ ಹಾಗೇ ಕೂತುಬಿಟ್ಟಳು.

‘ನಂದು ತೋರಸಬ್ಯಾಡ’ ಎಂದಳು. ‘ನೋಡದವರೂ ನೋಡ್ತಾರ.’

‘ಮತ್ತೇನು ಸುಮ್ಮನ ಬಿಡೂಣೇನು?’

‘ಸುಮ್ಮನ ಬಿಡು ಅಂತ ನಾ ಎಲ್ಲಿ ಅಂದೆ?’

ಅವಳ ಕಣ್ಣಲ್ಲಿ ನನ್ನದೇ ಸಿಟ್ಟು ಕಂಡಿತು. ಕೈ ಹಿಡಿದು ಎಬ್ಬಿಸಿಕೊಂಡು ಬಂದೆ. ಇನ್ನೊಂದು ದಾರಿ ಹುಡುಕುವುದಕ್ಕೆ ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಶನಿವಾರ ಬೆಳಿಗ್ಗೆ ಸಭಾಂಗಣ ತುಂಬಿತ್ತು. ಕೆ.ಆರ್. ಪುರದಷ್ಟು ದೂರದಿಂದಲೂ ಪೋಷಕರು ಬಂದಿದ್ದರು. ಆಕೆ ತಿಳಿ ಹಸಿರು ಲಿನನ್ ಸೀರೆ ಉಟ್ಟು ವೇದಿಕೆಯ ತುದಿಯಲ್ಲಿ ನಿಂತು ಮಾತಾಡಿದರು. ಚೆನ್ನಾಗಿಯೇ ಮಾತಾಡಿದರು. ಮನೆಗೆ ಬಂದ ಮಗುವಿನ ಕೈಯಿಂದ ಫೋನ್ ಕಸಿಯುವ ಮೊದಲು ಅದರ ದಿನ ಹೇಗಿತ್ತು ಎಂದು ಕೇಳಬೇಕು ಎಂದರು. ಊಟದ ಹೊತ್ತಿನಲ್ಲಿ ದೊಡ್ಡವರೂ ಫೋನ್ ದೂರವಿಡಬೇಕು ಎಂದರು. ನಾನು ಮೂರನೆಯ ಸಾಲಿನಲ್ಲಿ ಕೂತು ಕಾಯುತ್ತಿದ್ದೆ. ಕೊನೆಗೆ ಅದೂ ಬಂತು.

‘ಮಕ್ಕಳ ಫೋಟೋ ಹಾಕೋಕೆ ಮುಂಚೆ ಅವರ ಪರ್ಮಿಷನ್ ಕೇಳಿ. ಅವರಿಗೂ ಒಂದು ಡಿಗ್ನಿಟಿ ಇರತ್ತೆ, ಅಲ್ವಾ?’

ಚಪ್ಪಾಳೆ ಬಿತ್ತು. ಪ್ರಶ್ನೆಗಳಿದ್ದರೆ ಕೇಳಿ ಎಂದಾಗ ಕೈ ಎತ್ತಿದೆ. ಇನ್ನೊಂದು ಮೈಕ್ ನನ್ನ ಕೈಗೆ ಬಂತು. ನಾನು ಬೇಕೆಂದೇ ನಮ್ಮ ಕಡೆಯ ಮಾತಿನಲ್ಲೇ ಶುರುಮಾಡಿದೆ.

‘ಮೇಡಂ, ಎಲ್ಲಾರಿಗೂ ಒಮ್ಮೆ ಫೋನ್ ತಗೀರಿ ಅಂತ ಹೇಳ್ತೀರೇನ್ರೀ?’

‘ಓ, ಆಕ್ಟಿವಿಟೀನಾ? ಸೂಪರ್! ಎಲ್ರೂ ಫೋನ್ ತೆಗೀರಿ ಪ್ಲೀಸ್’ ಎಂದರು ಆಕೆ ನಗುತ್ತ.

ಎಲ್ಲರೂ ತೆಗೆದರು.

‘ಈಗ ಸ್ಟಿಕರ್ ಇಟ್ಟಲ್ಲಿ ಹೋಗ್ರಿ. ಅದರಾಗ ಅಳೋ ಹುಡುಗಿ ಒಬ್ಬಾಕಿ ಇದ್ರ, ಕೆಳಗ “ಯಾಕ್ರೀ” ಅಂತ ಬರದಿದ್ರ, ಕೈ ಎತ್ತಬ್ಯಾಡ್ರಿ. ಸುಮ್ಮನ ಆ ಮುಖಾ ನೋಡ್ರಿ. ಆಕಿ ನನ್ನ ಮಗಳು.’

ಎಷ್ಟು ಜನ ತಲೆ ತಗ್ಗಿಸಿದರು ಎಂಬುದರಲ್ಲೇ ಆ ಸ್ಟಿಕರ್ ಎಲ್ಲೆಲ್ಲಿಗೆ ತಲುಪಿದೆ ಎಂದು ತಿಳಿಯಿತು. ಹಿಂದಿನ ಸಾಲಿನ ಒಬ್ಬ ತಂದೆ ಫೋನನ್ನು ಅಂಗಿಯ ಜೇಬಿಗೆ ಇಳಿಬಿಟ್ಟರು.

‘ಆ ಫೋಟೋ ತಗದವರು, ಸ್ಟಿಕರ್ ಮಾಡಿ ತಮ್ಮ ಮಗಳ ಕೈಯಾಗ ಕೊಟ್ಟವರು ಇಲ್ಲೇ ಅದಾರ್ರೀ. ಇನ್ನೊಂದು ಮೈಕ್ ಅವರ ಕೈಯಾಗೇ ಐತಿ.’

ಎಲ್ಲ ಮುಖಗಳೂ ವೇದಿಕೆಯ ಕಡೆ ತಿರುಗಿದವು. ಆಕೆ ಮೈಕನ್ನು ಬಾಯಿಂದ ದೂರ ಮಾಡಲು ಮರೆತಿದ್ದರು. ‘ಅದು ಜಸ್ಟ್... ಕ್ಯೂಟ್ ಆಗಿತ್ತು ಅಂತ... ಹರ್ಟ್ ಆಗತ್ತೆ ಅಂತ ಅಂದ್ಕೊಂಡಿರ್ಲಿಲ್ಲ’ ಎಂಬ ಪಿಸುಮಾತು ಸಭೆಗೆಲ್ಲ ಕೇಳಿಸಿತು. ಕಣ್ಣಿಗೆ ಹಚ್ಚಿದ ಕಪ್ಪು ಕೆನ್ನೆಗೆ ಇಳಿಯತೊಡಗಿತು.

ನಾನು ಫೋನ್ ಎತ್ತಿ, ಗುರಿಯಿಟ್ಟು, ಫೋಟೋ ತೆಗೆದೆ.

‘ಪರ್ಮಿಷನ್ ಕೇಳಲಿಲ್ಲ ನೋಡ್ರಿ’ ಎಂದು ಮೈಕ್ ಕೊಟ್ಟು ಹೊರಗೆ ನಡೆದೆ.

ಅಷ್ಟು ಹಗುರವಾಗಿ ನಾನು ಬೆಂಗಳೂರಿನ ರಸ್ತೆಯಲ್ಲಿ ನಡೆದದ್ದು ಅದೇ ಮೊದಲು. ಫ್ರೇಜರ್ ಟೌನಿನ ಗೆಳತಿ ಓಡಿ ಬಂದು ನನ್ನನ್ನು ಸೇರಿಕೊಂಡರು. ಹಲಸೂರಿನ ಒಂದು ಹೋಟೆಲಿನಲ್ಲಿ ಇಬ್ಬರೂ ಕಾಫಿ ಕುಡಿದೆವು.

‘ಆ ಫೋಟೋ ಏನ್ ಮಾಡ್ತೀರಾ?’ ಎಂದು ಕೇಳಿದರು.

‘ಸ್ಟಿಕರ್.’

ಅವರು ಲೋಟ ಕೆಳಗಿಟ್ಟರು. ‘ಮಾಡಿ. ನಾನು ಬೇಡ ಅನ್ನಲ್ಲ. ಆದ್ರೆ ಕಳಿಸೋಕೆ ಮುಂಚೆ ಬೇಟೀನ ಕೇಳಿ. ಮಾನ ಹೋಗಿದ್ದು ಅವಳದು, ನಿಮ್ಮದಲ್ಲ.’

ಮನೆಗೆ ಬಂದು ಸ್ಟಿಕರ್ ಮಾಡಿದೆ. ಅಳುವ ಮುಖದ ಕೆಳಗೆ ಅದೇ ಹಳದಿ ಅಕ್ಷರಗಳಲ್ಲಿ ‘ಸೋ ಕ್ಯೂಟ್’ ಎಂದು ಬರೆದೆ. ಪೋಷಕರ ಗ್ರೂಪ್ ತೆರೆದಿಟ್ಟುಕೊಂಡು ಮಗಳನ್ನು ಕರೆದು ತೋರಿಸಿದೆ. ಅವಳು ಬಹಳ ಹೊತ್ತು ನೋಡಿದಳು. ಒಮ್ಮೆ ಬೆರಳಿನಿಂದ ಹಿಗ್ಗಿಸಿಯೂ ನೋಡಿದಳು.

‘ಕಳಿಸಲೇನು?’

‘ಬ್ಯಾಡ. ಕಳಿಸಿದ್ರ ಒಂದ ದಿನ ನಗ್ತಾರ, ಮುಗೀತು. ಇಟ್ಕೊ. ನಮ್ಮ ಹತ್ರ ಐತಿ ಅಂತ ಆಂಟಿಗೆ ಗೊತ್ತಿರಲಿ.’

ಹನ್ನೊಂದು ವರ್ಷದ ಹುಡುಗಿಯ ಬಾಯಲ್ಲಿ ಅದನ್ನು ಕೇಳಿ ನನಗೆ ಹೆಮ್ಮೆಯಾಯಿತು. ಹೆಮ್ಮೆಯ ಹಿಂದೆಯೇ ಸಣ್ಣ ಭಯವೂ ಬಂತು. ತಿಂಗಳುಗಟ್ಟಲೆ ಬಾಯಿ ಮುಚ್ಚಿಕೊಂಡು ಅವಳು ಏನೇನು ಕಲಿತುಬಿಟ್ಟಿದ್ದಳೋ.

ಅವಳ ಲೆಕ್ಕವೇ ಸರಿಯಾಗಿತ್ತು. ಕೆಲವೇ ದಿನಗಳಲ್ಲಿ ಆಕೆ ನಮ್ಮ ಮನೆ ಹುಡುಕಿಕೊಂಡು ಬಂದರು. ಮಾರ್ಕೆಟ್ ರಸ್ತೆಯ ಜನಜಂಗುಳಿ ದಾಟಿ, ನಮ್ಮ ಇಕ್ಕಟ್ಟಿನ ಮೆಟ್ಟಿಲು ಹತ್ತಿ ಬಂದವರ ಕೈಯಲ್ಲಿ ಸಿಹಿಯ ಡಬ್ಬಿ ಇತ್ತು. ನಾನು ಒಳಗೆ ಕರೆದೆ, ನೀರು ಕೊಟ್ಟೆ, ಸಿಹಿ ಮುಟ್ಟಲಿಲ್ಲ.

‘ಪ್ಲೀಸ್, ಆ ಫೋಟೋ ಡಿಲೀಟ್ ಮಾಡಿ. ನಂಗೆ ನಿದ್ದೆ ಬರ್ತಿಲ್ಲ. ಯಾರ ಫೋನ್ ಸದ್ದಾದ್ರೂ ಅದೇ ಬಂತೇನೋ ಅನ್ಸತ್ತೆ.’

‘ನನ್ನ ಕೇಳಬ್ಯಾಡ್ರಿ. ಆಕೀನ ಕೇಳ್ರಿ’ ಎಂದು ಮಗಳನ್ನು ಕರೆದೆ.

ಹೆಸರಾಂತ ಹೆಂಗಸು ಆರನೆಯ ತರಗತಿಯ ಹುಡುಗಿಯ ಎದುರು ಕುರ್ಚಿಯ ಅಂಚಿಗೆ ಬಂದು ಕೂತು ಬೇಡಿಕೊಂಡರು. ಆ ದೃಶ್ಯವನ್ನು ನಾನು ನಿಧಾನವಾಗಿ ಸವಿದೆ. ಮಗಳು ಗೋಡೆಗೆ ಒರಗಿ ನಿಂತು ಕೇಳಿಸಿಕೊಂಡಳು.

‘ಮೊದ್ಲು ನಂದು ಎಲ್ಲರ ಹತ್ರಾನೂ ಡಿಲೀಟ್ ಆಗ್ಲಿ ಆಂಟಿ. ನೀವೇ ಹೋಗಿ ಮಾಡಿಸ್ಬೇಕು. ಗ್ರೂಪಲ್ಲಿ ಮೆಸೇಜ್ ಹಾಕಿದ್ರೆ ಯಾರೂ ಮಾಡಲ್ಲ.’

ಆಕೆ ನನ್ನ ಮುಖ ನೋಡಿದರು. ನಾನು ಕಿಟಕಿಯಾಚೆ ನೋಡಿದೆ.

ಆಕೆ ಮಾಡಿದರು, ಅದನ್ನು ಒಪ್ಪಲೇಬೇಕು. ಮನೆ ಮನೆಗೆ ಹೋದರು. ಫ್ರೇಜರ್ ಟೌನಿನ ಗೆಳತಿಯ ಮನೆಗೆ ಬಂದು, ಇಲ್ಲಿ ಆಗಲೇ ಅಳಿಸಿದೆ ಎಂದರೂ ಕೇಳದೆ ಕಣ್ಣಾರೆ ನೋಡಿ ಹೋದರಂತೆ. ಪ್ರತಿ ಬಾಗಿಲಲ್ಲೂ ನಿಂತು, ಇದನ್ನು ಮಾಡಿದ್ದು ನಾನೇ ಎಂದು ಹೇಳಬೇಕಾಗಿತ್ತು. ಕೆಲವರು ಒಳಗೆ ಕರೆದರು, ಕೆಲವರು ಗೇಟಿನಲ್ಲೇ ನಿಲ್ಲಿಸಿದರಂತೆ. ಗೇಟಿನಲ್ಲಿ ನಿಲ್ಲಿಸಿದವರ ಸುದ್ದಿ ಕೇಳಿದಾಗಲೆಲ್ಲ ನನಗೆ ಊಟ ರುಚಿಸುತ್ತಿತ್ತು.

ಎಲ್ಲ ಮುಗಿಯಿತೆಂದು ಆಕೆ ಫೋನ್ ಮಾಡಿದ ದಿನ ಮಗಳು ನನ್ನ ಫೋನ್ ಇಸಿದುಕೊಂಡು ಸ್ಟಿಕರನ್ನೂ ಫೋಟೋವನ್ನೂ ಅಳಿಸಿದಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೈಯಲ್ಲಿದ್ದ ಕೋಲನ್ನು ಯಾರೋ ಕಿತ್ತುಕೊಂಡಂತಾಯಿತು ನನಗೆ. ಇನ್ನೊಂದಷ್ಟು ದಿನ ಆಕೆ ನಿದ್ದೆಗೆಡಲಿ ಎಂದು ನಾನು ಆಸೆಪಟ್ಟಿದ್ದೆ.

ಈ ನಡುವೆ ಶಾಲೆಯಲ್ಲಿ ಗಾಳಿ ತಿರುಗಿತ್ತು. ಈಗ ಮಕ್ಕಳು ಆಕೆಯ ಮಗಳನ್ನು ಕಾಡುತ್ತಿದ್ದರು. ಅವಳು ಕಂಡರೆ ಫೋನ್ ಹಿಡಿದಂತೆ ಕೈ ಮಾಡಿ ‘ಸೋ ಕ್ಯೂಟ್’ ಎನ್ನುತ್ತಿದ್ದರಂತೆ. ಕೇಳಿ ನನಗೆ ಸಂತೋಷವಾಯಿತು.

‘ನೀನೂ ನಗ್ತೀಯೇನು?’ ಎಂದು ಮಗಳನ್ನು ಕೇಳಿದೆ.

‘ಇಲ್ಲ. ಆಕಿ ಜೊತಿ ನಾ ಮಾತಾಡೂದಿಲ್ಲ. ಆದ್ರ ನಗೂದೂ ಇಲ್ಲ’ ಎಂದು ಫ್ರೇಜರ್ ಟೌನಿನ ಹುಡುಗನೊಂದಿಗೆ ಸೈಕಲ್ ಹೊಡೆಯಲು ಹೊರಟಳು. ಈಗ ಅವರದು ನಾಲ್ಕೈದು ಮಕ್ಕಳ ಗುಂಪು. ವಾರಕ್ಕೊಮ್ಮೆ ಯಾರಾದರೊಬ್ಬರ ಮನೆಯಲ್ಲಿ ಸೇರುತ್ತಾರೆ.

ಕಳೆದ ವಾರ ಮಗಳೊಂದಿಗೆ ತರಕಾರಿಗೆ ಹೋದಾಗ ನಮ್ಮ ಮಾರ್ಕೆಟ್ ರಸ್ತೆಯಲ್ಲಿ ಆಕೆ ಎದುರಾದರು. ಕೈಯಲ್ಲಿ ಹೂವಿನ ಪೊಟ್ಟಣವಿತ್ತು. ನನ್ನನ್ನು ಕಂಡು ನಿಂತರು. ಏನೋ ಹೇಳುವುದಕ್ಕೆ ಬಾಯಿ ತೆರೆದರು. ನಾನು ಅವರ ಕಣ್ಣಿಗೆ ಕಣ್ಣಿಟ್ಟು ನಿಂತೆ, ಅವರೇ ತಲೆ ತಗ್ಗಿಸಿ ರಸ್ತೆ ದಾಟಿ ಹೋಗುವವರೆಗೂ.

‘ಆಂಟಿಗೆ ನಮಸ್ಕಾರ ಅನ್ನಬೇಕಿತ್ತಲ್ಲ’ ಎಂದಳು ಮಗಳು.

‘ನೀ ಬೇಕಾದ್ರ ಅನ್ನು’ ಎಂದೆ.

ಅವಳು ಆಕೆಯ ಬೆನ್ನಿನ ಕಡೆ ಒಮ್ಮೆ ನೋಡಿ, ಆಮೇಲೆ ನನ್ನ ಚೀಲದ ಒಂದು ಹಿಡಿಯನ್ನು ತಾನು ಹಿಡಿದುಕೊಂಡಳು. ಸೊಪ್ಪಿನವಳ ಹತ್ತಿರ ಮೆಂತ್ಯದ ಕಟ್ಟುಗಳನ್ನು ಆರಿಸುತ್ತ ನಿಂತೆವು.