ಏಂಜೆಲಿನ್ ಮೇಡಂ ಡಬ್ಬ ಬಿಚ್ಚಿದ ದಸರಾ

ಮೈಸೂರಿನ ರಾಮಕೃಷ್ಣನಗರದ ಒಂದು ಕಾಲೇಜಿನಲ್ಲಿ ಏಂಜೆಲಿನ್ ಮೇಡಂ ಮೂರು ವರ್ಷದಿಂದ ಕಂಪ್ಯೂಟರ್ ಹೇಗೆ ಕೆಲಸ ಮಾಡುತ್ತದೆ ಎಂದು ಪಾಠ ಹೇಳುತ್ತಿದ್ದರು. ಆದರೆ ಅದರ ಒಳಗೆ ಏನಿದೆ ಎಂಬುದನ್ನು ಒಮ್ಮೆಯೂ ಕಣ್ಣಾರೆ ಕಂಡವರಲ್ಲ. ತೊಂಬತ್ತಮೂರರಲ್ಲಿ ಈ ಹೊಸ ವಿಷಯ ಕಾಲೇಜಿಗೆ ಬಂದಾಗ, ಹೇಗೂ ಫಿಸಿಕ್ಸ್ ಮೇಡಂ, ಕರೆಂಟಿನ ವಿಷಯ ಗೊತ್ತಿರುತ್ತದೆ ಎಂದು ಅವರ ಕೊರಳಿಗೆ ಕಟ್ಟಿದ್ದರು. ಬೇಡ ಎನ್ನಲು ಬಾರದ ಪಾಪದ ಹೆಂಗಸು. ದಪ್ಪನೆಯ ಎರಡು ಪುಸ್ತಕ ತಂದು, ಮಕ್ಕಳಿಗಿಂತ ಒಂದು ಅಧ್ಯಾಯ ಮುಂದೆ ಓದಿಕೊಂಡು, ಬೋರ್ಡಿನ ಮೇಲೆ ಚೌಕ ಬರೆದು ಬಾಣ ಎಳೆಯುತ್ತಿದ್ದರು. ಇದು ಮೆಮೊರಿ, ಇದು ಕಂಟ್ರೋಲ್ ಯೂನಿಟ್, ಇದು ಲೆಕ್ಕ ಮಾಡುವ ಭಾಗ. ಆ ಚೌಕಗಳ ಅಂದ ನೋಡಿ ಬೋರ್ಡ್ ಒರೆಸುವ ಹುಡುಗಿಯರೇ ಹಿಂದೆಮುಂದೆ ನೋಡುತ್ತಿದ್ದರು.

ಕಾಲೇಜಿಗೆ ಇದ್ದದ್ದು ಒಂದೇ ಕಂಪ್ಯೂಟರ್. ಅದರ ಕಾವಲಿಗೆ ಪ್ರಿನ್ಸಿಪಾಲ್ ಶಿವರುದ್ರಪ್ಪನವರು. ಹಣೆಯ ಮೇಲೆ ವಿಭೂತಿ, ಮೂಗಿನ ಮೇಲೆ ಕೋಪ, ಅದರ ಹಿಂದೆ ಬೆಣ್ಣೆಯಂಥ ಮನಸ್ಸು. ಆಡಳಿತ ಮಂಡಳಿಯ ಮುಂದೆ ಅಂಗಲಾಚಿ ತರಿಸಿದ ಯಂತ್ರವಾದ್ದರಿಂದ ಅದಕ್ಕೆ ಮಖಮಲ್ಲಿನ ಮುಸುಕು ಹೊದಿಸಿದ್ದರು. ಚಪ್ಪಲಿ ಹೊರಗೆ ಬಿಡಬೇಕು, ಕೀಬೋರ್ಡ್ ಮುಟ್ಟುವ ಮುಂಚೆ ಕೈ ತೊಳೆಯಬೇಕು. ಡಬ್ಬದ ಮುಚ್ಚಳ ತೆಗೆಯುವ ಮಾತೆತ್ತಿದರೆ ಮುಗಿಯಿತು.

"ಕೆಟ್ಟೋದ್ರೆ ಯಾರು ಹೊಣೆ ಮೇಡಂ? ನೀವಾ, ನಾನಾ?"

ಏಂಜೆಲಿನ್ ಬಾಯಿ ಮುಚ್ಚಿಕೊಂಡು ಬರುತ್ತಿದ್ದರು. ಹೀಗೇ ಇನ್ನಷ್ಟು ವರ್ಷ ನಡೆಯುತ್ತಿತ್ತೋ ಏನೋ, ತೊಂಬತ್ತಾರರಲ್ಲಿ ಉದಯಗಿರಿಯಿಂದ ಬರುವ ಚಾಮುಂಡೇಶ್ವರಿ ಎಂಬ ಹುಡುಗಿ ಮೊದಲ ಬೆಂಚಿನಲ್ಲಿ ಎದ್ದು ನಿಂತಳು. ಅವಳಪ್ಪನದು ಸ್ಕೂಟರ್ ರಿಪೇರಿ ಅಂಗಡಿ. ಬಿಚ್ಚಿದ ಯಂತ್ರಗಳ ನಡುವೆಯೇ ಬೆಳೆದವಳು.

"ಮೇಡಂ, ಈ ಚೌಕಗಳೆಲ್ಲ ಒಳಗೆ ಎಲ್ಲೆಲ್ಲಿರ್ತವೆ? ನೀವು ನೋಡಿದ್ದೀರಲ್ಲ, ಹೇಳಿ."

"ಇರುತ್ತಮ್ಮ, ಒಳಗೇ ಇರುತ್ತೆ," ಎಂದು ಏಂಜೆಲಿನ್ ಪುಟ ತಿರುಗಿಸಿದರು. ಹುಡುಗಿ ನಂಬಿ ಕುಳಿತಳು. ಅವಳು ನಂಬಿದ್ದೇ ಅವರನ್ನು ಚುಚ್ಚಿತು. ಮೊಪೆಡ್ಡಿನಲ್ಲಿ ಅಶೋಕಪುರಂನ ಮನೆ ಸೇರುವಷ್ಟರಲ್ಲಿ, ಕಾಣದ ಊರಿಗೆ ದಾರಿ ಹೇಳುವವಳಾಗಿಬಿಟ್ಟೆನಲ್ಲ ಎಂದು ನಾಚಿಕೆಯಿಂದ ಕಿವಿ ಬಿಸಿಯಾಗಿತ್ತು. ಒಂದು ಸಲ ಒಳಗೆ ನೋಡಬೇಕು. ಇಲ್ಲವಾದರೆ ಮುಂದಿನ ವರ್ಷ ಈ ಪಾಠ ತನಗೆ ಬೇಡ ಎಂದು ಹೇಳಿಬಿಡಬೇಕು. ಅಷ್ಟು ನಿರ್ಧಾರ ಮಾಡಿದ ಮೇಲೆ ಊಟ ಸೇರಿತು.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಅಂಥ ಉಪಾಯವನ್ನು ಏಂಜೆಲಿನ್‌ಗೆ ತೋರಿಸಿಕೊಟ್ಟದ್ದು ತೀರಿಹೋದ ತಂದೆ. ಅಂತೋಣಿಸ್ವಾಮಿ ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಭಾನುವಾರ ಚರ್ಚಿನ ಬಲಿಪೂಜೆಯನ್ನು ತಪ್ಪಿಸಿದವರಲ್ಲ, ಆಯುಧಪೂಜೆಯನ್ನೂ ಅಷ್ಟೇ. ಅವತ್ತು ಹೆಂಡತಿ ಮಕ್ಕಳನ್ನೂ ವರ್ಕ್‌ಶಾಪಿನ ಒಳಗೆ ಬಿಡುತ್ತಿದ್ದರು. ಅಪ್ಪ ತನ್ನ ಯಂತ್ರವನ್ನು ಬಿಚ್ಚಿ, ಒರೆಸಿ, ಎಣ್ಣೆ ಹಾಕಿ, ಆಮೇಲೆಯೇ ಹೂ ಮುಡಿಸುತ್ತಿದ್ದದ್ದು ಮಗಳಿಗೆ ನೆನಪಿತ್ತು.

ದಸರಾ ಹತ್ತಿರ ಬಂದಾಗ ಅವರು ಪ್ರಿನ್ಸಿಪಾಲರ ಕೋಣೆಗೆ ಹೋದರು.

"ಸಾರ್, ಆಯುಧಪೂಜೆಗೆ ಕಂಪ್ಯೂಟರ್ ಕ್ಲೀನ್ ಮಾಡೋದು ಬೇಡ್ವಾ?"

"ಅಟೆಂಡರ್ ಜವರಪ್ಪ ಒರೆಸ್ತಾನಲ್ಲ, ದಿನಾ!"

"ಅದು ಮೇಲ್ಮೇಲೆ ಸಾರ್. ಒಳಗಿನ ಧೂಳು ಒಳಗೇ ಇಟ್ಕೊಂಡು ಮೇಲೆ ಹೂ ಮುಡಿಸಿದ್ರೆ ಅದು ಪೂಜೆ ಆಗುತ್ತಾ?"

ಶಿವರುದ್ರಪ್ಪನವರು ಕನ್ನಡಕ ತೆಗೆದು ನೋಡಿದರು. "ಅಲ್ರೀ ಏಂಜೆಲಿನ್ ಮೇಡಂ, ಚರ್ಚಿಗೆ ಹೋಗೋ ನೀವು ನನಗೆ ಪೂಜೆ ಹೇಳ್ಕೊಡ್ತೀರಲ್ಲ!"

"ನಮ್ಮಪ್ಪ ಹೇಳ್ಕೊಟ್ಟಿದ್ದು ಸಾರ್."

ಶಿವರುದ್ರಪ್ಪನವರು ಒಪ್ಪಿಕೊಂಡುಬಿಟ್ಟರು. ಶಾಸ್ತ್ರಕ್ಕೆ ಎದುರಾಡುವ ಮನುಷ್ಯ ಅವರಲ್ಲ.

ಆಯುಧಪೂಜೆಯ ಬೆಳಿಗ್ಗೆ ಮಕ್ಕಳೆಲ್ಲ ಮೇಜಿನ ಸುತ್ತ ಮುತ್ತಿಕೊಂಡರು. ಏಂಜೆಲಿನ್ ತಿರುಪು ಬಿಚ್ಚಿ ಮುಚ್ಚಳ ಎತ್ತಿ ಒಳಗೆ ಬಗ್ಗಿ ನೋಡಿದರು. ಚೌಕವೂ ಇಲ್ಲ, ಬಾಣವೂ ಇಲ್ಲ. ಹಸಿರು ಹಲಗೆ, ಅಗಲವಾದ ಬೂದು ವೈರುಗಳು, ಒಂದು ಪುಟ್ಟ ಫ್ಯಾನು, ಎಲ್ಲದರ ಮೇಲೂ ಹತ್ತಿಯಂಥ ಧೂಳು.

"ಮೇಡಂ, ಕಂಟ್ರೋಲ್ ಯೂನಿಟ್ ಯಾವುದು?" ಚಾಮುಂಡೇಶ್ವರಿ ಕೇಳಿಯೇಬಿಟ್ಟಳು.

ನಾಲಿಗೆಯ ಮೇಲೆ ಒಂದು ಸುಳ್ಳು ಸಿದ್ಧವಾಗಿತ್ತು. ಏಂಜೆಲಿನ್ ಅದನ್ನು ನುಂಗಿಕೊಂಡರು.

"ಗೊತ್ತಿಲ್ಲ ಕಣಮ್ಮ. ನಾನೂ ಇವತ್ತೇ ನೋಡ್ತಿರೋದು."

ಯಾರೂ ನಗಲಿಲ್ಲ. ಮಕ್ಕಳು ಇನ್ನಷ್ಟು ಹತ್ತಿರ ಬಂದರು, ಅಷ್ಟೆ. ಗೊತ್ತಿರುವುದರಿಂದ ಶುರು ಮಾಡಿದರು. ಫ್ಲಾಪಿ ಹಾಕುವ ಬಾಯಿ ಗೊತ್ತು, ಅಲ್ಲಿಂದ ಹೊರಟ ವೈರು ಎಲ್ಲಿಗೆ ಹೋಗುತ್ತದೆ ಎಂದು ಬೆರಳಿಟ್ಟು ಹಿಂಬಾಲಿಸಿದರು. ಪುಸ್ತಕದ ಚಿತ್ರ ಪಕ್ಕದಲ್ಲಿಟ್ಟುಕೊಂಡು ಪ್ರೊಸೆಸರನ್ನು ಗುರುತು ಹಿಡಿದರು. ಬೋರ್ಡ್ ತುಂಬ ಬರೆಯುತ್ತಿದ್ದ ಕಂಟ್ರೋಲ್ ಯೂನಿಟ್ಟೂ ಲೆಕ್ಕದ ಭಾಗವೂ ಆ ಒಂದೇ ಬಿಲ್ಲೆಯೊಳಗೆ ಅಡಗಿ ಕುಳಿತಿದ್ದವು. ಅಲ್ಲೇ ಮಗ್ಗುಲಲ್ಲಿ ಸಾಲಾಗಿ ನಿಂತ ಸಣ್ಣ ಪಟ್ಟಿಗಳನ್ನು ತೋರಿಸಿ ಏಂಜೆಲಿನ್, "ಇದೇ ಮೆಮೊರಿ. ನೆನಪೆಲ್ಲ ಇದರಲ್ಲೇ," ಎಂದರು. ಅಟೆಂಡರ್ ಜವರಪ್ಪನೂ ಬಗ್ಗಿ ನೋಡಿ ತಲೆದೂಗಿದ. ಏಂಜೆಲಿನ್‌ಗೆ ಆದ ಸಂತೋಷ ಅಷ್ಟಿಷ್ಟಲ್ಲ, ಹೊಸ ಮಗುವಿನ ಮುಖ ನೋಡಲು ಬಂದವರ ಹಾಗೆ ಮತ್ತೆ ಮತ್ತೆ ನೋಡಿದರು.

ಬ್ರಷ್ಷಿನಿಂದ ಧೂಳು ತೆಗೆದದ್ದಾಯಿತು. ಜವರಪ್ಪ ಕುಂಕುಮದ ಬಟ್ಟಲು ಹಿಡಿದು ಓಡಾಡಿದ, ಮುಚ್ಚಳ ಹಾಕಿದರು, ಮಂಗಳಾರತಿಯಾಯಿತು. ಏಂಜೆಲಿನ್ ಸ್ವಿಚ್ಚಿಗೆ ಕೈ ಹಾಕುತ್ತಲೇ ಪ್ರಿನ್ಸಿಪಾಲರು ಅಡ್ಡ ಬಂದರು.

"ಏನ್ರೀ ಇದು! ಪೂಜೆ ಆದ ಆಯುಧ ಇವತ್ತು ಮುಟ್ಟೋ ಹಾಗಿಲ್ಲ. ನಾಳೆ ವಿಜಯದಶಮಿ, ಒಳ್ಳೇ ದಿನ. ನಾಳೆ ಹಾಕಿ."

ಶಾಸ್ತ್ರ ಹೇಳಿ ಗೆದ್ದ ಹೆಂಗಸು ಶಾಸ್ತ್ರಕ್ಕೇ ಸಿಕ್ಕಿಬಿದ್ದರು. ಬಿಚ್ಚಿದ ಯಂತ್ರ ಸರಿಯಿದೆಯೋ ಇಲ್ಲವೋ ತಿಳಿಯದೆ ಮನೆಗೆ ಹೋಗಿ, ತಾಯಿ ಅಂತೋಣಮ್ಮ ಬಡಿಸಿದ ಅನ್ನವನ್ನು ಕಲಸುತ್ತಲೇ ಕುಳಿತರು.

ಮರುದಿನ ಮೈಸೂರೆಲ್ಲ ಜಂಬೂಸವಾರಿ ನೋಡಲು ಜಾಗ ಹಿಡಿಯುತ್ತಿದ್ದರೆ, ಆ ಮಕ್ಕಳು ಮಾತ್ರ ಕಾಲೇಜಿಗೆ ಬಂದಿದ್ದರು. ಏಂಜೆಲಿನ್ ಸ್ವಿಚ್ ಒತ್ತಿದರು. ಫ್ಯಾನು ತಿರುಗಿತು. ಪರದೆ ಕಪ್ಪಗೇ ಉಳಿಯಿತು. ಒಳಗಿನಿಂದ ಬೀಪ್, ಬೀಪ್ ಎಂಬ ಕೂಗು.

"ಹೋಯ್ತು!" ಶಿವರುದ್ರಪ್ಪನವರು ಕುರ್ಚಿಯಲ್ಲಿ ಕುಸಿದರು. "ನಾನು ಬಡ್ಕೊಂಡೆ ಮೇಡಂ. ಕೇಳಿದ್ರಾ ನೀವು?"

ಏಂಜೆಲಿನ್ ಡಬ್ಬದ ಹತ್ತಿರ ಬಗ್ಗಿ ಕಿವಿಗೊಟ್ಟರು. ಆ ಕೂಗು ಏನನ್ನೋ ಹೇಳುತ್ತಿತ್ತು. ಮೂರು ವರ್ಷವೂ ಅರ್ಥ ತಿಳಿಯದೆ ಬರೆಸಿದ ಒಂದು ವಾಕ್ಯ ನೆನಪಾಯಿತು. ಯಂತ್ರ ಏಳುವ ಮುನ್ನ ತನ್ನ ಮೆಮೊರಿಯನ್ನು ತಾನೇ ಪರೀಕ್ಷಿಸಿಕೊಳ್ಳುತ್ತದೆ, ಸಿಗದಿದ್ದರೆ ಸದ್ದು ಮಾಡುತ್ತದೆ. ಇದೇ ಅಲ್ಲವೇ ಅದು!

"ಮೆಮೊರಿ ಸಾರ್. ಅದಕ್ಕೆ ಮೆಮೊರಿ ಸಿಕ್ತಿಲ್ಲ. ಬಿಚ್ತೀನಿ."

ಪ್ಲಗ್ಗು ಕಿತ್ತು ಮುಚ್ಚಳ ತೆಗೆದು ನೋಡಿದರೆ, ಪಟ್ಟಿಗಳ ಮೇಲಿಂದ ಒದ್ದೆ ಕುಂಕುಮ ಇಳಿದು ಬುಡದ ಹೊಂಬಣ್ಣದ ಹಲ್ಲುಗಳಿಗೆ ಮೆತ್ತಿಕೊಂಡಿತ್ತು. ಎಲ್ಲರೂ ಜವರಪ್ಪನ ಕಡೆ ತಿರುಗಿದರು.

"ನಾನೇ ಇಕ್ಬುಟ್ಟೆ ಬುದ್ಧಿ," ಎಂದ ಜವರಪ್ಪ ಪ್ರಿನ್ಸಿಪಾಲರಿಗೆ. "ಯಾವ್ದನ್ನೂ ಬುಡಬ್ಯಾಡ, ಎಲ್ಲಕ್ಕೂ ಕುಂಕುಮ ಇಕ್ಕು ಅಂತ ನೀವೇ ಅಂದ್ರಲ್ಲ? ನೆನಪೆಲ್ಲ ಇದ್ರಾಗೇ ಅಂದ್ರು ಅವ್ವಾರು. ಅದ್ಕೇ ವಸಿ ಜಾಸ್ತೀನೇ ಇಕ್ದೆ."

ಪ್ರಿನ್ಸಿಪಾಲರು ತಮ್ಮ ಹಣೆಯನ್ನು ತಾವೇ ಚಚ್ಚಿಕೊಂಡರು. ಏಂಜೆಲಿನ್ ಪಟ್ಟಿಗಳನ್ನು ಒಂದೊಂದಾಗಿ ಕಿತ್ತು, ಅವು ಕೂರುವ ಗೂಡುಗಳನ್ನೆಲ್ಲ ಒಣ ಬ್ರಷ್ಷಿನಿಂದ ತಿಕ್ಕಿ, ಹಲ್ಲುಗಳನ್ನು ಚಾಮುಂಡೇಶ್ವರಿಯ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸಿದರು. ಮುಚ್ಚಳ ಹಾಕುವ ತಾಳ್ಮೆ ಯಾರಿಗೂ ಇರಲಿಲ್ಲ. ಡಬ್ಬ ತೆರೆದಿದ್ದಂತೆಯೇ ಪ್ಲಗ್ಗು ಹಾಕಿ ಸ್ವಿಚ್ ಒತ್ತಿದರು.

ಈ ಸಲ ಕೂಗಲಿಲ್ಲ. ಪರದೆ ಬೆಳಗಿತು, ಮೇಲಿನ ಮೂಲೆಯಲ್ಲಿ ಅಂಕಿಗಳು ಟಿಕ್ ಟಿಕ್ ಎಂದು ಏರತೊಡಗಿದವು. ದಿನವೂ ಕಂಡ ಅಂಕಿಗಳೇ. ಅವು ಯಾಕೆ ಓಡುತ್ತವೆ ಎಂದು ಏಂಜೆಲಿನ್ ಇದುವರೆಗೆ ಕೇಳಿಕೊಂಡಿರಲಿಲ್ಲ. ಇವತ್ತು ನೋಡುತ್ತ ನೋಡುತ್ತ ಕಣ್ಣು ತುಂಬಿ ಬಂತು.

"ಏನದು ಓಡ್ತಿರೋದು?" ಪ್ರಿನ್ಸಿಪಾಲರು ಕೇಳಿದರು.

"ತನ್ನ ಮೆಮೊರಿ ಪೂರ್ತಿ ಇದೆಯಾ ಅಂತ ಎಣಿಸ್ಕೊಳ್ತಿದೆ ಸಾರ್. ಈಗ ನಾನು ಒರೆಸಿದ್ನಲ್ಲ, ಆ ಪಟ್ಟಿಗಳನ್ನ." ಈ ಮಾತನ್ನು ಅವರು ಯಾವ ಪುಸ್ತಕದಿಂದಲೂ ಹೇಳಲಿಲ್ಲ.

ಅಂಕಿ ನಿಂತಿತು. ಶಿವರುದ್ರಪ್ಪನವರು ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು, ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡರು.

"ಆರಿಸಿ ಇನ್ನೊಂದ್ಸಲ ಹಾಕಿ ಮೇಡಂ. ನಾನು ಸರಿಯಾಗಿ ನೋಡ್ಲಿಲ್ಲ."